ವಿರಾಟನ ಅರಮನೆಯ ಆಳುಗಳು

ನಮ್ಮ ಕಾಸರಗೋಡಿನ ಕಡೆ 'ಕೀಚಕ ವಧೆ' ಪ್ರಸಂಗವನ್ನು ಒಮ್ಮೆಯೂ ಕೇಳದವರು ಕಡಿಮೆ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ದೇವಸ್ಥಾನದ ಚಾವಡಿಯಲ್ಲೋ ಶಾಲೆಯ ಹಾಲಿನಲ್ಲೋ ತಾಳಮದ್ದಳೆ ನಡೆದರೆ ಈ ಪ್ರಸಂಗ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಮುಗಿದ ಮೇಲೆ ಚಹಾ ಕುಡಿಯುತ್ತಾ ನಾವು ಮಾತಾಡುವುದು ಎಂತದ್ದು? ಕೀಚಕನ ಅರ್ಥ ಹೇಗಾಯಿತು, ವಲಲ ಎಷ್ಟು ಏರಿದ, ಭಾಗವತರು ಯಾವ ಪದ್ಯ ಬಿಟ್ಟರು, ಇಷ್ಟೇ. ಆ ಮನೆಯಲ್ಲಿ ಒಂದು ವರ್ಷ ಚಾಕರಿ ಮಾಡಿದ ಆರು ಮಂದಿ ದಿನಾ ಎಂತ ಕೆಲಸ ಮಾಡಿದರು, ಎಂತ ಉಂಡರು, ಯಾರಿಗೆ ಹೆದರಿದರು ಎಂದು ಕೇಳುವವರು ಸಿಕ್ಕುವುದಿಲ್ಲ.

ನನಗೆ ಮಾತ್ರ ವಿರಾಟಪರ್ವ ಓದಿದಷ್ಟೂ ಅದು ಯುದ್ಧದ ಪುಸ್ತಕ ಅನಿಸುವುದಿಲ್ಲ, ಅರಮನೆಯ ಕೆಲಸದವರ ಪುಸ್ತಕ ಅನಿಸುತ್ತದೆ. ನಮ್ಮ ಹಳೆಯ ಸಾಹಿತ್ಯದಲ್ಲಿ ಆಳುಗಳ ದಿನಚರಿ ಇಷ್ಟು ವಿವರವಾಗಿ ಸಿಗುವ ಜಾಗ ಇನ್ನೊಂದು ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ಆ ವಿವರ ನಮಗೆ ಸಿಕ್ಕಿದ್ದು ಒಂದು ಉಪಾಯದಿಂದ. ಕೆಲಸಕ್ಕೆ ಬಂದವರು ನಿಜವಾಗಿ ರಾಜರು, ರಾಣಿ. ಅವರು ರಾಜರಾದ್ದರಿಂದಲೇ ಕವಿ ಅವರ ಹಿಂದೆ ಅಡುಗೆಮನೆಗೆ, ಲಾಯಕ್ಕೆ, ಹಟ್ಟಿಗೆ ಹೋದ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಈ ಎರಡು ಮಾತುಗಳನ್ನೇ. ಒಂದು, ಆ ವಿವರ ಎಷ್ಟು ನಿಜವಾದದ್ದು ಎಂದು ತೋರಿಸುವುದು. ಇನ್ನೊಂದು, ಆ ಉಪಾಯಕ್ಕೆ ನಾವು ಎಷ್ಟು ಬೆಲೆ ಕೊಟ್ಟಿದ್ದೇವೆ ಎಂದು ಕೇಳುವುದು.

ಕಥೆ ಎಲ್ಲರಿಗೂ ಗೊತ್ತು. 12 ವರ್ಷ ಕಾಡು, ಒಂದು ವರ್ಷ ಅಜ್ಞಾತವಾಸ. ಧರ್ಮರಾಯ ಕಂಕನೆಂಬ ಹೆಸರಿನಲ್ಲಿ ರಾಜನ ಜೊತೆ ಪಗಡೆಯಾಡುವವನಾದ. ಭೀಮ ಅಡುಗೆಯವನಾದ. ಅರ್ಜುನ ಬೃಹನ್ನಳೆಯಾಗಿ ಅಂತಃಪುರದ ಹುಡುಗಿಯರಿಗೆ ಕುಣಿತ, ಹಾಡು ಕಲಿಸಿದ. ನಕುಲ ಕುದುರೆ ನೋಡಿಕೊಂಡ, ಸಹದೇವ ದನ ನೋಡಿಕೊಂಡ. ದ್ರೌಪದಿ ರಾಣಿ ಸುದೇಷ್ಣೆಗೆ ತಲೆ ಬಾಚುವ, ಹೂ ಕಟ್ಟುವ, ಗಂಧ ತೇಯುವ ಸೈರಂಧ್ರಿಯಾದಳು. ಇಲ್ಲಿ ಒಂದು ಸಣ್ಣ ಸಂಗತಿ ಗಮನಿಸಿ. ಸೈರಂಧ್ರಿ ಎಂಬುದು ಹೆಸರಲ್ಲ, ಕೆಲಸ. ಕಸಬಿನ ಹೆಸರಿನಲ್ಲೇ ಅವಳನ್ನು ಆ ಮನೆಯಲ್ಲಿ ವರ್ಷಪೂರ್ತಿ ಕರೆದರು. ನಾವೂ ಇವತ್ತಿಗೂ ತೋಟದ ಕೆಲಸಕ್ಕೆ ಬರುವವರನ್ನು, ಅಡುಗೆಗೆ ಬರುವವರನ್ನು ಹೀಗೇ ಕರೆಯುವುದುಂಟು.

ಅರಮನೆಗೆ ಹೋಗುವ ಮೊದಲು ಪುರೋಹಿತ ಧೌಮ್ಯ ಅವರನ್ನು ಕೂರಿಸಿಕೊಂಡು ಬುದ್ಧಿ ಹೇಳುತ್ತಾನೆ. ವ್ಯಾಸಭಾರತದ ಈ ಭಾಗವನ್ನು ಪ್ರಸಂಗದವರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಆದರೆ ಅರಮನೆಯಲ್ಲಿ ಬದುಕುವುದು ಹೇಗೆ ಎಂಬುದಕ್ಕೆ ಅದು ಒಂದು ಕೈಪಿಡಿಯೇ ಸರಿ. ದ್ವಾರದಲ್ಲಿ ತಿಳಿಸಿ ಅಪ್ಪಣೆಯಾದ ಮೇಲೆಯೇ ಒಳಗೆ ಹೋಗಬೇಕು. ಇನ್ನೊಬ್ಬರು ಆಸೆಪಡದ ಜಾಗದಲ್ಲಿ ಕೂರಬೇಕು. ರಾಜನ ಎದುರು ನೇರ ಕೂರಬಾರದು, ಬಲಕ್ಕೋ ಎಡಕ್ಕೋ ಕೂರಬೇಕು. ಬೆನ್ನ ಹಿಂದಿನ ಜಾಗ ಆಯುಧ ಹಿಡಿದ ಕಾವಲಿನವರದ್ದು. ಕೇಳದೆ ಸಲಹೆ ಕೊಡಬಾರದು. ರಾಜನಿಗೆ ಪ್ರೀತಿಪಾತ್ರ ಎಂದುಕೊಂಡು ಅವನ ವಾಹನ, ಪೀಠ, ಮಂಚ ಮುಟ್ಟಬಾರದು. ಅಂತಃಪುರದವರ ಜೊತೆ ಸ್ನೇಹ ಬೆಳೆಸಬಾರದು. ರಾಜನಿಗೆ ಯಾರು ಆಗುವುದಿಲ್ಲವೋ ಅವರ ಜೊತೆಯೂ ಬೇಡ. ಅವನ ಹಾಗೆ ಉಡುಪು ತೊಡಬಾರದು. ಗಟ್ಟಿಯಾಗಿ ನಗಬಾರದು, ನಗದೆ ಮುಖ ಬಿಗಿದುಕೊಂಡೂ ಇರಬಾರದು. ಇನ್ನೊಬ್ಬನಿಗೆ ಅಪ್ಪಣೆಯಾದಾಗಲೂ ನಾನು ಮಾಡಲೇ ಎಂದು ಮುಂದೆ ಬರಬೇಕು. ಮನೆಯವರನ್ನು ಬಿಟ್ಟು ಬಂದೆನಲ್ಲಾ ಎಂದು ಕೊರಗುತ್ತಾ ಕೂರಬಾರದು.

ಈ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಇದರಲ್ಲಿ ಕೆಲಸ ಹೇಗೆ ಮಾಡಬೇಕು ಎಂಬುದು ಬಹಳ ಕಡಿಮೆ. ಹೇಗೆ ಕೂರಬೇಕು, ಎಷ್ಟು ನಗಬೇಕು, ಎಲ್ಲಿ ಬಾಯಿ ಮುಚ್ಚಬೇಕು ಎಂಬುದೇ ಎಲ್ಲ. ಅನ್ನ ಬೇಯಿಸಲು ಭೀಮನಿಗೆ ಬರುತ್ತದೆ, ಕುದುರೆ ಪಳಗಿಸಲು ನಕುಲನಿಗೆ ಬರುತ್ತದೆ. ಅವರಿಗೆ ಗೊತ್ತಿಲ್ಲದ್ದು ತಗ್ಗಿ ನಿಲ್ಲುವ ವಿದ್ಯೆ. ಧೌಮ್ಯ ಕಲಿಸುವುದು ಅದನ್ನು. ಅಧಿಕಾರ ಇರುವವರ ಮನೆಯಲ್ಲಿ ದುಡಿದ ಯಾರನ್ನೇ ಕೇಳಿ, ಕಷ್ಟ ಕೆಲಸದಲ್ಲಿ ಅಲ್ಲ, ಮುಖದಲ್ಲಿ ಎನ್ನುತ್ತಾರೆ. ಅವರ ಮುಖ ನೋಡಿ ನಮ್ಮ ಮುಖ ಇಟ್ಟುಕೊಳ್ಳುವುದು.

ಸೈರಂಧ್ರಿ ಕೆಲಸಕ್ಕೆ ಸೇರುವ ಸಂದರ್ಭವೂ ಹೀಗೆಯೇ ವಿವರವಾಗಿದೆ. ಅವಳು ಸುದೇಷ್ಣೆಯ ಎದುರು ಎರಡು ಷರತ್ತು ಇಡುತ್ತಾಳೆ. ಎಂಜಲು ಉಣ್ಣಲಾರೆ, ಕಾಲು ತೊಳೆಯಲಾರೆ. ತನಗೆ ಐವರು ಗಂಧರ್ವರು ಗಂಡಂದಿರು, ಅವರ ಕಾವಲಿದೆ ಎಂಬ ಬೆದರಿಕೆಯನ್ನೂ ಮೆಲ್ಲಗೆ ಸೇರಿಸುತ್ತಾಳೆ. ನಮ್ಮ ಅರ್ಥಧಾರಿಗಳು ಇದನ್ನು ಪತಿವ್ರತೆಯ ತೇಜಸ್ಸು ಎಂದು ವಿವರಿಸುತ್ತಾರೆ, ಇರಲಿ. ನಾನು ಈ ಷರತ್ತನ್ನು ತಿರುಗಿಸಿ ಓದುತ್ತೇನೆ. ಒಬ್ಬಳು ಬಾಯಿಬಿಟ್ಟು ಕೇಳಿ ವಿನಾಯಿತಿ ಪಡೆಯಬೇಕಾದರೆ, ಉಳಿದವರೆಲ್ಲ ಅದನ್ನು ಮಾಡುತ್ತಿದ್ದರು ಎಂದೇ ಅರ್ಥ. ಆ ಅಂತಃಪುರದ ಉಳಿದ ದಾಸಿಯರು ಒಡತಿಯ ಕಾಲು ತೊಳೆದು ಅವಳು ಬಿಟ್ಟದ್ದನ್ನು ಉಂಡರು. ಅವರ ಬಗ್ಗೆ ಕವಿ ಒಂದು ಸಾಲನ್ನೂ ಬೇರೆಯಾಗಿ ಬರೆಯಲಿಲ್ಲ. ಸೈರಂಧ್ರಿಯ ಷರತ್ತಿನಲ್ಲಿ, ನೆರಳಿನ ಹಾಗೆ, ಅವರು ಕಾಣುತ್ತಾರೆ.

ಊಟ, ಬಟ್ಟೆಯ ಲೆಕ್ಕವೂ ವ್ಯಾಸಭಾರತದಲ್ಲಿ ಇದೆ. ಕಂಕ ಪಗಡೆಯಲ್ಲಿ ಗೆದ್ದದ್ದನ್ನು ರಾಜನಿಗೆ ತಿಳಿಯದ ಹಾಗೆ ತಮ್ಮಂದಿರಿಗೆ ಹಂಚುತ್ತಾನೆ. ಭೀಮ ರಾಜ ಕೊಟ್ಟ ಮಾಂಸ, ತಿಂಡಿಗಳನ್ನು ಅಣ್ಣನಿಗೆ ಮಾರುತ್ತಾನೆ. ಅರ್ಜುನನಿಗೆ ಅಂತಃಪುರದಲ್ಲಿ ಸಿಕ್ಕಿದ್ದು ಹಳೇ ಬಟ್ಟೆ. ಅವನು ಅದನ್ನು ಮಾರುವ ನೆಪದಲ್ಲಿ ಅಣ್ಣತಮ್ಮಂದಿರಿಗೆ ತಲುಪಿಸುತ್ತಾನೆ. ಸಹದೇವ ಹಾಲು, ಮೊಸರು, ತುಪ್ಪ ತರುತ್ತಾನೆ. ಬೇರೆ ಬೇರೆ ಊರಿನವರ ಹಾಗೆ ಸೇರಿಕೊಂಡ ಕಾರಣ ಹಾಗೆಯೇ ಕೊಡುವಂತಿಲ್ಲ. ಗಾಂಡೀವ ಹಿಡಿದ ಕೈ ಹಳೇ ಸೀರೆಯ ಗಂಟು ಹೊತ್ತು ಮಾರಲು ಬಂತು ಎಂಬುದನ್ನು ನಾವು ಯಾವ ರಂಗಸ್ಥಳದಲ್ಲೂ ತೋರಿಸುವುದಿಲ್ಲ. ನಮಗೆ ಅರ್ಜುನ ಕಿರೀಟ ಇಟ್ಟುಕೊಂಡೇ ಬರಬೇಕು. ಆದರೆ ಒಡೆಯರು ಉಟ್ಟು ಹಳತಾದ ಬಟ್ಟೆ, ಮಿಕ್ಕಿದ ಪಲ್ಯ, ಹಬ್ಬಕ್ಕೆ ಕೈಯಲ್ಲಿಟ್ಟ ಎರಡು ಕಾಸು, ಇದನ್ನೆಲ್ಲ ಒಟ್ಟು ಮಾಡಿ ಸಂಸಾರ ತೂಗಿಸಿದ ತಾಯಂದಿರು ನಮ್ಮ ಊರುಗಳಲ್ಲಿ ಎಷ್ಟು ಜನ ಇಲ್ಲ?

ಇನ್ನು ಸೈರಂಧ್ರಿಯ ಕೈ. ಕೀಚಕನಿಂದ ಅವಮಾನವಾದ ರಾತ್ರಿ ಅವಳು ಅಡುಗೆಮನೆಗೆ ಹೋಗಿ ಮಲಗಿದ್ದ ಭೀಮನನ್ನು ಎಬ್ಬಿಸುತ್ತಾಳೆ. ಅಲ್ಲಿ ಅವಳು ಹೇಳುವುದೆಲ್ಲ ಕೀಚಕನ ಬಗ್ಗೆಯೇ ಎಂದು ನಾವು ತಿಳಿದಿದ್ದೇವೆ. ವ್ಯಾಸರ ಭಾರತದಲ್ಲಿ ಅವಳು ಬಹಳ ಹೊತ್ತು ಮಾತಾಡುವುದು ಕೆಲಸದ ಬಗ್ಗೆ. ಹಿಂದೆ ಕುಂತಿಗೆ ಬಿಟ್ಟರೆ ಬೇರೆ ಯಾರಿಗೂ, ತನಗಾಗಿಯೂ, ಗಂಧ ತೇಯ್ದವಳಲ್ಲ ತಾನು, ಈಗ ದಿನಾ ತೇಯುತ್ತೇನೆ, ನೋಡು ಎಂದು ಜಡ್ಡುಗಟ್ಟಿದ ಅಂಗೈ ತೋರಿಸುತ್ತಾಳೆ. ಬೇರೆಯವರು ತೇಯ್ದ ಗಂಧ ವಿರಾಟನಿಗೆ ಹಿಡಿಸುವುದಿಲ್ಲವಂತೆ. ಚೆನ್ನಾಗಿದೆ ಎನ್ನುತ್ತಾನೋ ಇಲ್ಲವೋ ಎಂದು ಅವನ ಎದುರು ಹೆದರುತ್ತಾ ನಿಲ್ಲುತ್ತೇನೆ ಎನ್ನುತ್ತಾಳೆ. ಕುಂತಿಗೆ ಹೆದರಲಿಲ್ಲ, ನಿಮಗೂ ಹೆದರಲಿಲ್ಲ, ಈಗ ಒಂದು ಗಂಧದ ಉಂಡೆಗೆ ಹೆದರುತ್ತೇನೆ ಎಂಬ ಭಾವ ಅದು. ಭೀಮ ಆ ಕೈಗಳನ್ನು ಹಿಡಿದು ತನ್ನ ಮುಖಕ್ಕೆ ಒತ್ತಿಕೊಂಡು ಅಳುತ್ತಾನೆ. ಕೀಚಕನನ್ನು ಕೊಲ್ಲುವ ಸಿಟ್ಟು ಹುಟ್ಟಿದ್ದು ಈ ಅಂಗೈ ನೋಡಿದ ಮೇಲೆ ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಅದೇ ರಾತ್ರಿ ಅವಳು ಇನ್ನೊಂದು ಮಾತು ಹೇಳುತ್ತಾಳೆ. ಅಂತಃಪುರದ ಹೆಂಗಸರ ವಿನೋದಕ್ಕೆಂದು ಭೀಮನನ್ನು ಹುಲಿ, ಸಿಂಹ, ಕೋಣಗಳ ಜೊತೆ ಕಾದಾಡಿಸುತ್ತಿದ್ದರು. ಅದನ್ನು ನೋಡಿ ಸೈರಂಧ್ರಿಯ ಮುಖ ಬಾಡಿದರೆ, ಇವಳಿಗೆ ಆ ಅಡುಗೆಯವನ ಮೇಲೆ ಮನಸ್ಸು ಎಂದು ಸುದೇಷ್ಣೆ ದಾಸಿಯರ ಜೊತೆ ಸೇರಿ ಚೇಷ್ಟೆ ಮಾಡುತ್ತಾಳೆ. ಕ್ರೂರಿಯಾದ ಒಡತಿಯ ಮಾತಲ್ಲ ಇದು, ಸಾಮಾನ್ಯ ಒಡತಿಯ ಮಾತು. ಕೆಲಸದವರಿಗೂ ಒಳಗೊಂದು ಬದುಕು ಇರಬಹುದು ಎಂದು ಅವಳಿಗೆ ಹೊಳೆಯುವುದಿಲ್ಲ, ಹೊಳೆದರೂ ಅದು ತಮಾಷೆಯಾಗಿ ಹೊಳೆಯುತ್ತದೆ.

ಈಗ ಪ್ರಸಂಗದ ನಡುಗಂಬಕ್ಕೆ ಬರುತ್ತೇನೆ. ಕೀಚಕ ವಧೆಯ ನಡುಗಂಬ ಕೀಚಕನ ಶೃಂಗಾರ ಅಲ್ಲ, ಸುದೇಷ್ಣೆ ಹೇಳಿದ ಒಂದು ಮನೆಗೆಲಸ. ತಮ್ಮನ ಮನೆಗೆ ಹೋಗಿ ಮದ್ಯ ತಾ, ನನಗೆ ಬಾಯಾರಿಕೆ ಎಂದು ಅವಳು ಕಳಿಸುತ್ತಾಳೆ. ಕಳಿಸುವ ಉಪಾಯ ಅಕ್ಕ ತಮ್ಮ ಇಬ್ಬರೂ ಸೇರಿ ಮಾಡಿದ್ದು. ಸೈರಂಧ್ರಿಗೂ ಅದು ಗೊತ್ತು. ಅವನು ನಾಚಿಕೆ ಬಿಟ್ಟವನು, ನಾನು ಹೋಗಲಾರೆ ಎನ್ನುತ್ತಾಳೆ. ಸುದೇಷ್ಣೆ, ನಾನು ಕಳಿಸಿದ್ದೇನೆ ಎಂದ ಮೇಲೆ ಅವನು ನಿನಗೆ ಎಂತ ಮಾಡಿಯಾನು ಎಂದು ಮುಚ್ಚಳವಿರುವ ಚಿನ್ನದ ಪಾತ್ರೆಯನ್ನು ಕೈಗೆ ಕೊಡುತ್ತಾಳೆ. ಅಷ್ಟೇ. ಪಾತ್ರೆ ಕೈಗೆ ಬಂದ ಮೇಲೆ ಹೋಗಲೇಬೇಕು. ಇಡೀ ಪರ್ವದಲ್ಲಿ ಇದಕ್ಕಿಂತ ಭಯಂಕರವಾದ ಜಾಗ ಇಲ್ಲ. ಬಲಾತ್ಕಾರದ ಆರಂಭ ಇಲ್ಲಿ ಒಂದು ಸಾದಾ ಅಪ್ಪಣೆಯ ರೂಪದಲ್ಲಿ ಇದೆ. ಒಡತಿಯ ಕೈಗೆ ಕೊಳೆ ಅಂಟುವುದಿಲ್ಲ. ನಾನು ಮದ್ಯ ತರಲು ಕಳಿಸಿದ್ದು ಮಾತ್ರ ಎಂದು ನಾಳೆ ಹೇಳಿದರಾಯಿತು.

ಇಷ್ಟು ತೂಕದ ಜಾಗಕ್ಕೆ ನಮ್ಮ ಕೂಟಗಳಲ್ಲಿ ಸಿಗುವುದು ಎಷ್ಟು ಹೊತ್ತು? ನಾನು ಕೇಳಿದ ಹೆಚ್ಚಿನ ಕೂಟಗಳಲ್ಲಿ ಸುದೇಷ್ಣೆಯ ಪಾತ್ರ ಹೊಸದಾಗಿ ಕಲಿಯುವವರಿಗೆ. ನಾಲ್ಕು ಮಾತು, ಒಂದು ಪದ್ಯ, ಮುಗಿಯಿತು. ಕೀಚಕನಿಗಾದರೆ ಗಂಟೆಗಟ್ಟಲೆ ಬಿಡುತ್ತಾರೆ. ಕೇಳುವವರೂ ಅದನ್ನೇ ಬಯಸುತ್ತಾರೆ, ಕಲಾವಿದರದ್ದು ಮಾತ್ರ ತಪ್ಪಲ್ಲ. ಆದರೆ ಹೀಗೆ ಮಾಡಿದಾಗ ಕಥೆ ಒಬ್ಬ ಕಾಮುಕನ ಕಥೆಯಾಗಿ ಸಣ್ಣದಾಗುತ್ತದೆ. ಒಂದು ಮನೆಯ ಕಥೆಯಾಗಿ ಉಳಿಯುವುದಿಲ್ಲ.

ಸೈರಂಧ್ರಿ ತಪ್ಪಿಸಿಕೊಂಡು ಸಭೆಗೆ ಓಡುತ್ತಾಳೆ. ಕೀಚಕ ಬೆನ್ನಟ್ಟಿ ಬಂದು ರಾಜನ ಎದುರೇ ಕಾಲಿನಿಂದ ಒದೆಯುತ್ತಾನೆ. ಅವಳು ನ್ಯಾಯ ಕೇಳಿದರೆ ವಿರಾಟನ ಉತ್ತರ, ನನ್ನ ಕಣ್ಣ ಮರೆಯಲ್ಲಿ ನಿಮ್ಮಿಬ್ಬರಿಗೆ ಎಂತ ಜಗಳವಾಯಿತೋ ನನಗೆ ತಿಳಿಯದು ಎಂಬ ಧಾಟಿಯದ್ದು. ಒದ್ದದ್ದು ಕಣ್ಣೆದುರೇ! ಕೆಲಸದವಳ ದೂರಿಗೆ ಇಂದಿಗೂ ಸಿಗುವ ಮೊದಲನೇ ಉತ್ತರ ಇದೇ ಅಲ್ವಾ? ಪೂರ್ತಿ ಗೊತ್ತಿಲ್ಲದೆ ಹೇಗೆ ಹೇಳುವುದು, ಎರಡೂ ಕಡೆ ಕೇಳಬೇಕು ಎಂದು. ಪಕ್ಕದಲ್ಲೇ ಕುಳಿತ ಕಂಕನ ಹಣೆ ಬೆವರುತ್ತದೆ. ಅವನು ಆಡುವ ಮಾತು ಇನ್ನೂ ಕಠಿಣ. ಹೊತ್ತುಗೊತ್ತು ತಿಳಿಯದೆ ನಟಿಯ ಹಾಗೆ ಇಲ್ಲಿ ಅಳುತ್ತಾ ಆಟಕ್ಕೆ ಅಡ್ಡಿ ಮಾಡುತ್ತೀ, ಒಳಗೆ ಹೋಗು ಎನ್ನುತ್ತಾನೆ. ಇದರಲ್ಲಿ ಗಂಡನ ಗುಟ್ಟಿನ ಸಮಾಧಾನವೂ ಇದೆ ಎಂದು ಪಂಡಿತರು ಹೇಳುತ್ತಾರೆ, ಒಪ್ಪೋಣ. ಸಭೆಯಲ್ಲಿದ್ದ ಭೀಮ ಮರದ ಕಡೆ ನೋಡಿದಾಗ, ಸೌದೆ ಬೇಕಾದರೆ ಹೊರಗಿನ ಮರ ನೋಡಿಕೋ ಎಂದು ಕಂಕ ಅವನನ್ನು ತಡೆಯುವುದೂ ಹಾಗೆಯೇ. ಯಜಮಾನರ ಎದುರೇ ಯಜಮಾನರಿಗೆ ತಿಳಿಯದ ಹಾಗೆ ಮಾತಾಡುವ ಆಳುಗಳ ಭಾಷೆ ಅದು. ಧರ್ಮರಾಯನನ್ನು ಇಲ್ಲಿ ಬೈಯುವವರು ಧೌಮ್ಯನ ಪಾಠವನ್ನು ನೆನಪಿಸಿಕೊಳ್ಳಬೇಕು. ಕೇಳದೆ ಮಾತಾಡಬಾರದು, ಅಂತಃಪುರದ ವಿಷಯಕ್ಕೆ ಹೋಗಬಾರದು. ಪಾಠವನ್ನು ಚೆನ್ನಾಗಿ ಕಲಿತವನು ಹೆಂಡತಿಯನ್ನು ಒದೆಯುವಾಗಲೂ ಕುಳಿತೇ ಇರಬೇಕಾಯಿತು. ಆ ಪಾಠದ ನಿಜವಾದ ಅರ್ಥ ಅಲ್ಲಿ ಗೊತ್ತಾಗುತ್ತದೆ.

ಕುಮಾರವ್ಯಾಸ ಈ ಭಾಗವನ್ನು ಬೇರೆ ಬಿಸಿಯಲ್ಲಿ ಬರೆದಿದ್ದಾನೆ. ಗದುಗಿನ ಆ ಕವಿಯ ದ್ರೌಪದಿ ಅಡುಗೆಮನೆಯಲ್ಲಿ ಐವರು ಗಂಡಂದಿರನ್ನೂ ಒಟ್ಟಿಗೆ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಹೆಣ್ಣಿನ ಸಿಟ್ಟಿಗೆ ಕನ್ನಡದಲ್ಲಿ ಅದಕ್ಕಿಂತ ದೊಡ್ಡ ಮಾತು ಸಿಗಲಾರದು. ಆದರೆ ಅವನಲ್ಲಿ ಆ ಸಿಟ್ಟು ರಾಣಿಯ ಸಿಟ್ಟು, ಹೆಂಡತಿಯ ಸಿಟ್ಟು. ದಾಸಿಯ ಕೈಯ ಜಡ್ಡು ವ್ಯಾಸರಲ್ಲೇ ಹೆಚ್ಚು ಕಾಣುತ್ತದೆ. ಘಟ್ಟದ ಮೇಲಿನ ಊರುಗಳಲ್ಲಿ ಮಳೆ ಬಾರದಿದ್ದರೆ ಕುಮಾರವ್ಯಾಸನ ವಿರಾಟಪರ್ವ ಓದಿಸುವ ಪದ್ಧತಿ ಇದೆ. ಪಾಂಡವರು ಇರುವ ನಾಡಿನಲ್ಲಿ ಕಾಲಕ್ಕೆ ಮಳೆ, ಹಟ್ಟಿ ತುಂಬ ಹಾಲು ಎಂದು ಭೀಷ್ಮ ಹೇಳಿದ ಮಾತಿಗೆ ಅದು ಹೊಂದುತ್ತದೆ. ಆ ವರ್ಷ ಆ ನಾಡಿನಲ್ಲಿ ಅವರು ರಾಜರಾಗಿ ಇರಲಿಲ್ಲ, ಕೆಲಸದವರಾಗಿ ಇದ್ದರು ಎಂಬುದನ್ನೂ ಮಳೆಗಾಗಿ ಓದುವವರು ನೆನೆಯಬಹುದು.

ಕೀಚಕ ಸತ್ತ ಮೇಲೆ ಆಗುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಇವಳಿಂದಲೇ ಅಣ್ಣ ಸತ್ತ ಎಂದು ಉಪಕೀಚಕರು ಅವಳನ್ನು ಹೆಣದ ಜೊತೆ ಸುಡಲು ಹೊರಡುತ್ತಾರೆ. ಅವರ ಬಲಕ್ಕೆ ಹೆದರಿ ರಾಜ ಒಪ್ಪಿಗೆಯನ್ನೂ ಕೊಡುತ್ತಾನೆ. ಭೀಮ ಬಿಡಿಸಿಕೊಂಡು ಬಂದ ಮೇಲೆ ಸುದೇಷ್ಣೆ ಅವಳಿಗೆ ಹೇಳುವುದು, ನೀನು ಇಲ್ಲಿಂದ ಹೋಗು ಎಂದು. ಅನ್ಯಾಯ ಆದದ್ದು ಯಾರಿಗೆ, ಕೆಲಸ ಹೋಗುವುದು ಯಾರದ್ದು? ಸೈರಂಧ್ರಿ ಇನ್ನು 13 ದಿನ ಇರಲು ಬಿಡಿ ಎಂದು ಕೇಳಿಕೊಳ್ಳುತ್ತಾಳೆ. ಅವಳಿಗೆ ಆ 13 ದಿನ ಕಳೆದರೆ ರಾಜ್ಯ ಉಂಟು. ಬೇರೆ ದಾಸಿಯಾದರೆ?

ಇಲ್ಲಿಂದ ನನ್ನ ತಕರಾರು ಶುರು. ಮದ್ಯ ತರಲು ಹೇಳಿದಾಗ ದ್ರೌಪದಿ ಸುದೇಷ್ಣೆಗೆ ಇನ್ನೊಂದು ಮಾತನ್ನೂ ಹೇಳಿದ್ದಳು. ನಿನಗೆ ಬೇಕಾದಷ್ಟು ದಾಸಿಯರು ಇದ್ದಾರಲ್ಲ, ಬೇರೆ ಯಾರನ್ನಾದರೂ ಕಳಿಸು ಎಂದು. ಹೆದರಿದವಳು ಆಡಿದ ಮಾತು ಅದು, ಅವಳನ್ನು ದೂರುವ ಹಾಗಿಲ್ಲ. ಆದರೆ ಆ ಬೇರೆಯವಳು ಹೋಗಿದ್ದರೆ ಕಥೆಯೇ ಆಗುತ್ತಿರಲಿಲ್ಲ. ಅವಳಿಗಾಗಿ ಅಡುಗೆಮನೆಯಲ್ಲಿ ಭೀಮ ಮಲಗಿರಲಿಲ್ಲ. ಹಾಗೆ ಹೋಗಿ ಬಂದವರು ಆ ಅರಮನೆಯಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ವನಪರ್ವದಲ್ಲಿ ಇದೇ ದ್ರೌಪದಿ ಸತ್ಯಭಾಮೆಗೆ ಹೆಮ್ಮೆಯಿಂದ ಹೇಳಿಕೊಂಡಿದ್ದಾಳೆ: ಧರ್ಮರಾಯನ ಅರಮನೆಯಲ್ಲಿ ಒಂದು ಲಕ್ಷ ದಾಸಿಯರು, ಅವರೆಲ್ಲರ ಹೆಸರು, ರೂಪ, ಊಟ, ಬಟ್ಟೆ, ಯಾರು ಯಾವ ಕೆಲಸ ಮಾಡಿದರು, ಯಾವುದು ಬಾಕಿ, ಎಲ್ಲ ನನಗೆ ಗೊತ್ತಿತ್ತು ಎಂದು. ಒಳ್ಳೆಯ ಒಡತಿ, ಸಂಶಯವಿಲ್ಲ. ಅಷ್ಟೂ ಹೆಸರು ಅವಳಿಗೆ ಗೊತ್ತಿತ್ತು, ಕಾವ್ಯಕ್ಕೆ ಒಂದೂ ಬರಲಿಲ್ಲ.

ಅಂದರೆ ಆಳಿನ ನೋವು ಸಾಹಿತ್ಯಕ್ಕೆ ಬರಬೇಕಾದರೆ ಆಳು ಒಳಗೆ ರಾಜವಂಶದವನಾಗಿರಬೇಕು. ಈ ಅಭ್ಯಾಸ ಹಳೆಯ ಕಾಲಕ್ಕೇ ನಿಲ್ಲಲಿಲ್ಲ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಕೊಡಗಿನ ಕೊನೆಯ ಅರಸನ ಕಾದಂಬರಿ. ಅದರಲ್ಲಿ ಕುಂಟ ಬಸವ ಎಂಬವನು ಇದ್ದಾನೆ. ನಾಯಿಗಳನ್ನು ನೋಡಿಕೊಳ್ಳುತ್ತಿದ್ದವನು ಅರಸನ ಗೆಳೆಯನಾಗಿ, ಮಂತ್ರಿಯಾಗಿ ಬೆಳೆಯುತ್ತಾನೆ. ಅರಮನೆಯ ಕೆಲಸದವನೊಬ್ಬನಿಗೆ ಕನ್ನಡ ಕಾದಂಬರಿಯಲ್ಲಿ ಇಷ್ಟು ದೊಡ್ಡ ಜಾಗ ಸಿಕ್ಕಿದ್ದು ವಿಶೇಷವೇ. ಆದರೆ ಅವನೂ ಅರಸು ಮನೆತನದ ರಕ್ತದವನೇ ಎಂಬ ಗುಟ್ಟು ಕಥೆಯಲ್ಲಿ ಹೊರಬೀಳುತ್ತದೆ. ಆ ಜಾಗ ಓದಿದಾಗ ನನಗೆ ಸ್ವಲ್ಪ ಬೇಸರವಾಯಿತು. ಬರೀ ನಾಯಿ ಸಾಕಿದವನಾಗಿದ್ದರೆ ಸಾಲದಿತ್ತೇ?

ಜನ್ನನ 'ಯಶೋಧರ ಚರಿತೆ' 1209ರ ಕಾವ್ಯ. ರಾಣಿ ಅಮೃತಮತಿ ಆನೆ ಲಾಯದ ಮಾವುತನ ಹಾಡು ಕೇಳಿ ಸೋಲುತ್ತಾಳೆ. ಆ ಮಾವುತನ ಕುರೂಪವನ್ನು ಜನ್ನ ಅಂಗಾಂಗವಾಗಿ ವರ್ಣಿಸಿದ್ದಾನೆ. ಅವನಿಗೆ ಆನೆ ಹೇಗೆ ಒಲಿದಿತ್ತು, ಅಷ್ಟು ಚೆಂದದ ಹಾಡು ಎಲ್ಲಿಂದ ಕಲಿತ ಎಂದು ಕೇಳುವುದಿಲ್ಲ. ಅವನನ್ನು ನೋಡಿಕೊಂಡು ಬರಲು ರಾಣಿ ಕಳಿಸುವ ದೂತಿಯ ಅವಸ್ಥೆ ಇನ್ನೂ ವಿಚಿತ್ರ. ಹೋಗು ಎಂದರೆ ಹೋಗಬೇಕು. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ರಾಣಿಗೆ ಸಿಟ್ಟು. ಅರಮನೆಯ ಗುಟ್ಟೆಲ್ಲ ಅವಳ ಹೊಟ್ಟೆಯಲ್ಲಿ ಇರುತ್ತದೆ, ಗುಟ್ಟು ರಟ್ಟಾದರೆ ಮೊದಲು ಹೋಗುವುದು ಅವಳ ತಲೆ.

ಇದಕ್ಕೆ ಮಂಥರೆಯೇ ಸಾಕ್ಷಿ. ವಾಲ್ಮೀಕಿಯಲ್ಲಿ ಅವಳು ಎಲ್ಲಿ ಹುಟ್ಟಿದವಳೆಂದೂ ತಿಳಿಯದ, ಕೈಕೇಯಿಯ ತವರಿನಿಂದ ಬಂದ ದಾಸಿ. ವರ ಕೇಳಿದ್ದು ರಾಣಿ, ಕೊಟ್ಟದ್ದು ರಾಜ. ಭರತ ಶತ್ರುಘ್ನರು ಊರಿಗೆ ಬಂದ ಮೇಲೆ ನೆಲದಲ್ಲಿ ಎಳೆದಾಡಿಸಿಕೊಂಡದ್ದು ಮಂಥರೆ. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಬರೆಯುವಾಗ ಈ ದಾಸಿಯ ಪಕ್ಕ ಕುಳಿತು ಅವಳ ಎದೆಯೊಳಗೆ ನೋಡಿದರು. ದಿಕ್ಕಿಲ್ಲದವಳು ತಾನು ಎತ್ತಿ ಆಡಿಸಿದ ಮಗುವಿನ ಮೇಲೆ ಇಟ್ಟ ಮಮತೆಯೇ ಆ ಕೇಡಿಗೆ ಕಾರಣ ಎಂದು ತೋರಿಸಿದರು. ಮುಖ್ಯ ಸಂಗತಿ ಏನೆಂದರೆ, ಅದಕ್ಕಾಗಿ ಅವಳನ್ನು ಶಾಪಗ್ರಸ್ತ ರಾಜಕುಮಾರಿ ಮಾಡಲಿಲ್ಲ. ಅವಳು ಗೂನು ಬೆನ್ನಿನ ದಾಸಿಯಾಗಿಯೇ ಇದ್ದು ನಮ್ಮ ಕಣ್ಣಲ್ಲಿ ನೀರು ತರಿಸುತ್ತಾಳೆ. ಹಾಗಾಗಿ ಇದು ಆಗದ ಕೆಲಸವಲ್ಲ.

ಯಕ್ಷಗಾನದಲ್ಲಿ ಎಂತ ಆಗಿದೆ? ಅಲ್ಲಿ ಅರಮನೆಯ ಆಳು ಎಂದರೆ ಹಾಸ್ಯಗಾರ. ದೂತ, ಚಾರಕ, ಬಾಗಿಲು ಕಾಯುವವ, ಮಂಥರೆ, ಎಲ್ಲ ಅವನ ಪಾಲಿಗೆ. ನಮ್ಮ ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗ ಆಡುವಾಗಲೂ ಮಂಥರೆ ಬಂದರೆ ಮಕ್ಕಳು ಮೊದಲೇ ನಗಲು ಶುರು ಮಾಡುತ್ತಾರೆ. ಆಳುಗಳನ್ನು ನಗೆಪಾಟಲು ಮಾಡಿದ್ದಾರೆ ಎಂದು ಸುಲಭವಾಗಿ ದೂರಬಹುದು. ನಾನು ಪೂರ್ತಿ ಹಾಗೆ ಹೇಳುವುದಿಲ್ಲ. ಒಳ್ಳೆಯ ಹಾಸ್ಯಗಾರ ರಾಜನ ಎದುರು ನಿಂತು ಬೇರೆ ಯಾರೂ ಹೇಳಲಾಗದ್ದನ್ನು ಹೇಳುತ್ತಾನೆ. ಸಂಬಳ ಬಾರದ್ದು, ಹಸಿವು, ಒಡೆಯನ ಮುಂಗೋಪ, ಇದೆಲ್ಲ ರಂಗಸ್ಥಳಕ್ಕೆ ಬಂದದ್ದು ಅವನ ಬಾಯಿಂದ. ಅದೂ ಊರಿನ ಆಡುಮಾತಿನಲ್ಲಿ. ರಾಜ ಪುಸ್ತಕದ ಕನ್ನಡ ಮಾತಾಡುವಾಗ ಚಾರಕ ನಮ್ಮ ಹಾಗೆ ಮಾತಾಡುತ್ತಾನೆ. ಅಡ್ಡಿ ಒಂದೇ, ನಕ್ಕಾದ ಮೇಲೆ ಅವನ ಮಾತನ್ನು ಯಾರೂ ಮನೆಗೆ ಕೊಂಡುಹೋಗುವುದಿಲ್ಲ.

ಇದೆಲ್ಲ ಹಳೇ ಕಥೆ, ಈಗ ಯಾಕೆ ಎನ್ನುವವರು ಇರಬಹುದು. ಮಾಯಿಪ್ಪಾಡಿಯ ಅರಮನೆಯನ್ನೇ ತೆಗೆದುಕೊಳ್ಳಿ. ಕುಂಬಳೆ ಸೀಮೆಯ ಅರಸರ ಕಥೆ ಹೇಳುವ ಹಿರಿಯರು ಇದ್ದಾರೆ. ಅಲ್ಲಿ ನೀರು ಸೇದಿದವರ, ಭತ್ತ ಕುಟ್ಟಿದವರ, ದೀಪಕ್ಕೆ ಎಣ್ಣೆ ಹಾಕಿದವರ ಕಥೆ ಹೇಳುವವರು ಕಡಿಮೆ. ಅವರ ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಇತ್ತ ನಮ್ಮ ಊರುಗಳಿಂದ ಎಷ್ಟೋ ಜನ ಗಲ್ಫಿಗೆ ಹೋಗಿ ದೊಡ್ಡ ಮನೆಗಳಲ್ಲಿ ಅಡುಗೆಯವರಾಗಿ, ಡ್ರೈವರುಗಳಾಗಿ ದುಡಿದಿದ್ದಾರೆ. ರಜೆಯಲ್ಲಿ ಬಂದಾಗ ಪೆಟ್ಟಿಗೆ ಬಿಚ್ಚಿ ಸೆಂಟು, ಖರ್ಜೂರ ಹಂಚುತ್ತಾರೆ. ಅಲ್ಲಿ ಯಾರ ಎದುರು ಹೇಗೆ ನಿಂತರು ಎಂದು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಅದೂ ಒಂದು ಅಜ್ಞಾತವಾಸವೇ. ಒಂದೇ ವರ್ಷದಲ್ಲಿ ಮುಗಿಯುವುದೂ ಅಲ್ಲ.

ಹಾಗಾಗಿ ನನ್ನದು ಎರಡು ವಿನಂತಿ. ಮೊದಲನೆಯದು ನಮ್ಮ ಅರ್ಥಧಾರಿಗಳಿಗೆ. ಮುಂದಿನ ಮಳೆಗಾಲದಲ್ಲಿ ಕೀಚಕ ವಧೆ ಇಟ್ಟರೆ ಸುದೇಷ್ಣೆಯ ಪಾತ್ರವನ್ನು ಪಳಗಿದವರಿಗೆ ಕೊಡಿ. ಪಾತ್ರೆ ಕೈಗೆ ಕೊಡುವ ಆ ಸಂದರ್ಭಕ್ಕೆ ಅರ್ಧ ಗಂಟೆ ಬಿಡಿ. ಒಡತಿಗೆ ತಮ್ಮನ ಮೇಲೆ ಪ್ರೀತಿ ಇದೆ, ಗಂಡನ ರಾಜ್ಯ ಆ ತಮ್ಮನ ತೋಳಿನ ಮೇಲೆ ನಿಂತಿದೆ, ದಾಸಿಯ ಮೇಲೆ ಮರುಕವೂ ಇದೆ. ಇಷ್ಟನ್ನು ಇಟ್ಟುಕೊಂಡು ಅವಳು ಕಳಿಸುತ್ತಾಳೆ. ಕೀಚಕನಿಗಿಂತ ಕಷ್ಟದ ಅರ್ಥ ಇದು. ಮಾತು ಬಲ್ಲವರಿಗೆ ಒಳ್ಳೆಯ ಪಂಥ.

ಎರಡನೆಯದು ಮೇಷ್ಟ್ರುಗಳಿಗೆ. ಮಕ್ಕಳಿಗೆ ಪಾಂಡವರ ಅಜ್ಞಾತವಾಸದ ಪಾಠ ಮಾಡುವಾಗ ಯಾರು ಯಾವ ವೇಷ ಹಾಕಿದರು ಎಂದು ಬಿಟ್ಟ ಸ್ಥಳ ತುಂಬಿಸುವಲ್ಲಿಗೆ ನಿಲ್ಲಿಸಬೇಡಿ. ಪಾಂಡವರು ಹೊರಟುಹೋದ ಮರುದಿನ ವಿರಾಟನ ಗಂಧ ತೇಯ್ದವರು ಯಾರು, ಅವರ ಹೆಸರು ಎಂತ ಇದ್ದೀತು, ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದಾರು ಎಂದು ಒಂದು ಪುಟ ಬರೆಸಿ ನೋಡಿ. ಬರೆದದ್ದನ್ನು ನಮ್ಮ ವಾಚನಾಲಯಕ್ಕೆ ಕಳಿಸಿಕೊಡಿ, ಗೋಡೆಪತ್ರಿಕೆಯಲ್ಲಿ ಹಾಕೋಣ. ಮನೆಯಲ್ಲಿ ಅಜ್ಜಿಯನ್ನು ಕೇಳಿ ಬರೆದ ಮಕ್ಕಳ ಪುಟಗಳೇ ಚೆನ್ನಾಗಿರುತ್ತವೆ ಎಂದು ನನ್ನ ಅಂದಾಜು.